ಹೊಳೆನೀರಿನ ತಂಗಿ

ಸೂಡಿಯ ಬಿಸ್ಮಿಲ್ಲಾಳನ್ನು ಮೊದಲ ಸಲ ಕಂಡವರು ‘ಎಂಥಾ ಸೊಕ್ಕಿನ ಹೆಂಗಸಪ್ಪಾ’ ಎಂದುಕೊಂಡರೆ ಅದರಲ್ಲಿ ಅವರ ತಪ್ಪಿಲ್ಲ. ಹಿಂದಿನಿಂದ ಕರೆದರೆ ಕತ್ತು ಹೊರಳಿಸುವವಳಲ್ಲ. ಚಕ್ಕಡಿ ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಿ, ಎದುರು ನಿಂತು, ಏನು ಅಂತ ಕೇಳುತ್ತಾಳೆ. ಹಿರಿಯರು ಬಂದರೂ ತಲೆ ತಗ್ಗಿಸುವುದಿಲ್ಲ. ಅದು ಸೊಕ್ಕಲ್ಲ, ಎಲುಬು. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಬೋರಿನ ನೀರು ಕುಡಿದು ಕುಡಿದು ಅವಳ ಬೆನ್ನು, ಕುತ್ತಿಗೆ, ಮೊಣಕೈ ಒಂದರ ಹಿಂದೊಂದು ಬಿಗಿದುಕೊಂಡಿದ್ದವು. ಆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದು ಎಲುಬಿಗೆ ಇಳಿಯುತ್ತದೆ ಎಂದು ಬಂದುಹೋದ ಡಾಕ್ಟರರೆಲ್ಲ ಹೇಳಿದ್ದರು. ಹೇಳುವುದಕ್ಕೇನು, ಹೇಳಿ ಜೀಪು ಹತ್ತಿ ಹೋಗುತ್ತಾರೆ. ಬಾಯಾರಿಕೆ ಊರಲ್ಲೇ ಉಳಿಯುತ್ತದೆ.

ಗಂಡ ಫಕ್ರುಸಾಬ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು. ಸ್ಟೀಲು ಬಂದ ಮೇಲೆ ಕಲಾಯಿ ಕೇಳುವವರು ಕಡಿಮೆಯಾಗಿ ಸ್ಟೋ ರಿಪೇರಿಗೂ ಇಳಿದಿದ್ದ. ಮಾತು ಕಡಿಮೆಯ ಮನುಷ್ಯ. ಹೆಂಡತಿ ಬಾಗಲಾಗದೆ ಬಾಗಿಲಿಗೆ ಹಣೆ ಬಡಿಸಿಕೊಂಡ ದಿನ ಏನೂ ಅನ್ನದೆ ಚೌಕಟ್ಟು ಕಿತ್ತು, ಮೇಲಿನ ಗೋಡೆ ಒಡೆದು, ಎತ್ತರ ಮಾಡಿಸಿದ. ಅಂಥ ಗಂಡ ಸಿಕ್ಕಿದ್ದಕ್ಕೆ ಅವಳು ಅಲ್ಲಾಹನಿಗೆ ದಿನಾ ಶುಕ್ರ ಹೇಳುತ್ತಿದ್ದಳು.

ಆದರೆ ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಎಲುಬಿನ ನೋವಲ್ಲ. ಹೊಳೆಮಣ್ಣೂರಿನಲ್ಲಿದ್ದ ತಂಗಿ ಹೀನಾ. ಗಂಡುಮಕ್ಕಳಿಲ್ಲದ ಮನೆ ಅದು. ಅಕ್ಕನನ್ನು ಸೂಡಿಗೆ ಕೊಟ್ಟರು, ತಂಗಿಗೆ ಸೋದರತ್ತೆಯ ಮಗ ಮುನಾವರನನ್ನು ಮನೆಅಳಿಯನಾಗಿ ತಂದುಕೊಂಡರು. ಹೀಗಾಗಿ ತವರುಮನೆ ಎಂದರೆ ಹೀನಾಳ ಮನೆ. ಮಲಪ್ರಭೆಗೆ ನೆರೆ ಬಂದ ಮಳೆಗಾಲದಲ್ಲಿ, ಈಗ್ಗೆ ಮೂರು ವರ್ಷದ ಹಿಂದೆ, ಆ ಮನೆಯಲ್ಲಿ ತಾಯಿ ತೀರಿಕೊಂಡಳು. ದಾರಿಯೆಲ್ಲ ನೀರು, ಬಸ್ಸು ಬಂದ್. ಬಿಸ್ಮಿಲ್ಲಾ ಹೇಗೋ ಊರು ಮುಟ್ಟುವಷ್ಟರಲ್ಲಿ ತಾಯಿ ಮಣ್ಣಿಗೆ ಸೇರಿಯಾಗಿತ್ತು. ಮುಖ ಸಿಗಲಿಲ್ಲ. ಅಂಗಳದ ತುಂಬ ನೆರೆದ ಜನರೆದುರು ಅವಳು ತಂಗಿಗೆ ಅಂದದ್ದು ಇಷ್ಟು:

“ಒಂದ ದಿನಾ ಕಾಯಾಕ ಆಗಲಿಲ್ಲೇನ ನಿನಗ? ಇನ್ನ ಈ ಮನಿ ನೀರ ಮುಟ್ಟಿದ್ರ ನಾ ಅಮ್ಮನ ಮಗಳಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸು ಬರುವ ಟ್ರ್ಯಾಕ್ಟರಿನಲ್ಲಿ ಕೂತಾಗಲೇ ಅವಳಿಗೆ ಗೊತ್ತಾಗಿತ್ತು, ತಪ್ಪು ತನ್ನದೇ ಅಂತ. ಹೊಳೆ ಖಬರಸ್ತಾನದ ಗೋಡೆ ನೆಕ್ಕುತ್ತಿದ್ದಾಗ ಯಾರು ತಾನೇ ಕಾಯುತ್ತಾರೆ? ಆದರೆ ಹೋಗಿ ಹೇಳಲು ನಾಚಿಕೆ. ಹೀನಾಳೂ ಕರೆ ಕಳಿಸಲಿಲ್ಲ. ಈದ್ ಬಂತು, ಹೋಯಿತು, ಮತ್ತೆ ಬಂತು. ನೀರು ತುಂಬುವಾಗೆಲ್ಲ ಬಿಸ್ಮಿಲ್ಲಾಳಿಗೆ ತಂಗಿಯ ನೆನಪಾಗುತ್ತಿತ್ತು. ಹೊಳೆಯ ತಿಳಿನೀರು, ತಾಯಿಯ ತಾಮ್ರದ ಕೊಡ, ಹೀನಾ ಕೊಡ ಹೊತ್ತು ದಂಡೆ ಏರುತ್ತ ಎಲ್ಲರನ್ನೂ ಅಣಕಿಸುತ್ತಿದ್ದ ರೀತಿ. ಕುಡಿಯುತ್ತಿದ್ದದ್ದು ಬೋರಿನ ಉಪ್ಪು ನೀರು, ಬಾಯಾರುತ್ತಿದ್ದದ್ದು ಬೇರೆಯದಕ್ಕೆ.

೨೦೦೮ರ ಚಳಿಗಾಲದಲ್ಲಿ ಹುಬ್ಬಳ್ಳಿ ಕಡೆಯ ಒಂದು ವೈದ್ಯಕೀಯ ಕಾಲೇಜಿನವರು ಸೂಡಿಯ ಶಾಲೆಯಲ್ಲಿ ತಪಾಸಣೆ ಇಟ್ಟರು. ಗದ್ದ ಎದೆಗೆ ಹಚ್ಚಿರಿ, ಬಗ್ಗಿ ಕಾಲಬೆರಳು ಮುಟ್ಟಿರಿ, ಕೈ ಎತ್ತಿ ಹಿಂದಲೆಗೆ ಒಯ್ಯಿರಿ ಎಂದು ಒಬ್ಬೊಬ್ಬರಿಗೂ ಹೇಳಿದರು. ಬಿಸ್ಮಿಲ್ಲಾಳಿಂದ ಒಂದೂ ಆಗಲಿಲ್ಲ. ಅದನ್ನು ನೋಡಿ ಖುಷಿಯಾದವಳು ಒಬ್ಬಳೇ, ಪ್ರಯೋಗಾಲಯದ ರಮಾಬಾಯಿ. ನರಗುಂದದವಳು, ನಡುವಯಸ್ಸಿನವಳು, ಚುರುಕು ಮಾತು. ಪಾಪ, ಅವಳದೂ ತಪ್ಪಲ್ಲ. ಅವಳಿಗೆ ಬೇಕಾಗಿದ್ದದ್ದೇ ಅಂಥ ಎಲುಬು.

“ಬಿಸ್ಮಿಲ್ಲಾ ಅವರ, ನಿಮಗ ಒಡಹುಟ್ಟಿದವರು ಯಾರರ ಬ್ಯಾರೆ ನೀರ ಕುಡಿಯೋವ್ರು ಇದ್ದಾರೇನ್ರಿ? ಬೋರಿಂದಲ್ಲ, ಹೊಳಿ ನೀರು?”

“ಅದಾಳ್ರಿ. ಹೊಳೆಮಣ್ಣೂರಾಗ. ಹೀನಾ ಅಂತ, ನನ್ನ ತಂಗಿ.”

ಬಾಯಿಂದ ಬಂದೇಬಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಫಕ್ರುಸಾಬ ಹುಬ್ಬೇರಿಸಿ ನೋಡಿದ. ಮೂರು ವರ್ಷಗಳಲ್ಲಿ ಹೆಂಡತಿಯ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು.

ರಮಾಬಾಯಿ ಬಿಡಿಸಿ ಹೇಳಿದಳು. ರಕ್ತದಲ್ಲಿ ಎಲುಬನ್ನು ಹತೋಟಿಯಲ್ಲಿಡುವ ಒಂದು ಪ್ರೋಟೀನ್ ಇರುತ್ತದೆ, ಅದಕ್ಕೆ ಆಸ್ಟಿಯೊಪ್ರೊಟೆಜೆರಿನ್ ಅಂತ ಹೆಸರು. “ಹೆಸರು ಮಾರುದ್ದ ಅದ, ಕೆಲಸ ಮಾತ್ರ ಕಾವಲುಗಾರಂದು. ಎಲಬಿನ್ಯಾಗ ಹಳೇದನ್ನ ಕೆಡವೋ ಜೀವಕೋಶ ಇರ್ತಾವ, ಹೊಸಾದು ಕಟ್ಟೋವು ಇರ್ತಾವ. ಕೆಡವೋವು ಮಿತಿ ಮೀರದಂಗ ಇದು ಕಾಯ್ತದ. ಈ ನೀರ ಕುಡದೋರ ಮೈಯಾಗ ಆ ಕಾವಲು ಹ್ಯಾಂಗ ನಡದದ ಅಂತ ನೋಡಬೇಕು. ಒಂದೇ ಹೊಟ್ಟಿಯಾಗ ಹುಟ್ಟಿ ಎರಡು ನೀರ ಕುಡದೋರು ಸಿಕ್ಕರ ಅದಕ್ಕಿಂತ ಚಲೋ ಜೋಡಿ ಇಲ್ಲ. ಇಬ್ಬರದೂ ಒಂದೇ ಮುಂಜಾನೆ, ಒಂದೇ ಹೊತ್ತಿಗೆ, ಖಾಲಿ ಹೊಟ್ಟೀಲೆ ತಗೋಬೇಕು.”

“ಹಂಗಾರ ನಾನೂ ಬರ್ತೀನ್ರಿ ಹೊಳೆಮಣ್ಣೂರಿಗೆ. ಆಕಿ ಸೂಜಿಗೆ ಭಾಳ ಅಂಜತಾಳ. ನಾ ಇಲ್ಲಾಂದ್ರ ಕೈ ಕೊಡಾಂಗಿಲ್ಲ.”

ಹಸಿ ಸುಳ್ಳು. ಜಾಲಿಮುಳ್ಳು ಪಾದದಲ್ಲಿ ಮುರಿದಾಗ ಸೂಜಿ ಬಿಸಿ ಮಾಡಿ ತಾನೇ ಕಿತ್ತುಕೊಂಡ ಹೆಣ್ಣು ಹೀನಾ. ಆದರೆ ತವರಿಗೆ ಹೋಗಬೇಕಾದವಳಿಗೆ ನೆಪ ಎಷ್ಟು ಕುಂಟಾದರೂ ನಡೆಯುತ್ತದೆ. ಇದು ಸರಕಾರಿ ಜೀಪಿನಂಥ ನೆಪ. ತಾನಾಗಿ ಹೋದ ಹಾಗೂ ಆಗಲಿಲ್ಲ, ಹೋಗದೆ ಉಳಿದ ಹಾಗೂ ಆಗಲಿಲ್ಲ. ಮುನಾವರನ ಮೊಬೈಲಿಗೆ ರಮಾಬಾಯಿಯೇ ಫೋನು ಮಾಡಿದಳು. ಆಗಲಿ ಬರ್ರಿ ಅಂತ ಅವನು ಅಂದನಂತೆ. ಹೀನಾ ಏನಂದಳು ಎಂದು ಕೇಳುವ ಧೈರ್ಯ ಬಿಸ್ಮಿಲ್ಲಾಳಿಗೆ ಆಗಲಿಲ್ಲ.

ಹೊರಡುವ ಹಿಂದಿನ ಸಂಜೆ ಅವಳು ಕೂತು ಲೆಕ್ಕ ಹಾಕಿದಳು. ಖಾಲಿ ಹೊಟ್ಟೆ ಅಂದಿದ್ದಾರೆ. ರೊಟ್ಟಿ ಬಿಟ್ಟರೆ ಸಾಕೇ? ರೋಗ ಬಂದದ್ದೇ ನೀರಿನಿಂದ, ಅಳೆಯುವುದೂ ನೀರಿನ ಕೆಲಸವನ್ನೇ. ನೀರು ಕುಡಿದು ರಕ್ತ ಕೊಟ್ಟರೆ ಅಳತೆ ತಪ್ಪುವುದಿಲ್ಲವೇ? ಅದರಲ್ಲೂ ಹೊಳೆಮಣ್ಣೂರಿನ ನೀರು ಬಾಯಿಗೆ ಬಿದ್ದರೆ ಸೂಡಿಯ ರಕ್ತದಲ್ಲಿ ಹೊಳೆ ಬೆರೆತು ಎಲ್ಲ ಕೆಟ್ಟುಹೋದೀತು. ಈ ತರ್ಕಕ್ಕೆ ಯಾವ ಡಾಕ್ಟರನೂ ಒಪ್ಪುತ್ತಿರಲಿಲ್ಲ, ಆದರೆ ಕೇಳಿದವರಾರು? ರೋಜಾ ಹಿಡಿದು ರೂಢಿಯಿದ್ದ ಜೀವ. ಹನಿ ನೀರೂ ಮುಟ್ಟದೆ ಮಲಗಿದಳು.

ನಸುಕಿನಲ್ಲೇ ಜೀಪು ಬಂತು. ಡ್ರೈವರು ದ್ಯಾವಪ್ಪ, ಮುಂದೆ ಬಿಸ್ಮಿಲ್ಲಾ, ಹಿಂದೆ ರಕ್ತ ಕೆಡದಂತೆ ಇಡುವ ಬರ್ಫದ ಪೆಟ್ಟಿಗೆ ಹಿಡಿದ ರಮಾಬಾಯಿ. ರೋಣ ದಾಟಿದ ಮೇಲೆ ಬಿಸ್ಮಿಲ್ಲಾ ಕೇಳಿದಳು, “ರಕ್ತದಾಗಿಂದು ಅದೊಂದನ್ನ ಹ್ಯಾಂಗ ಹುಡುಕತೀರಿ ಬಾಯಾರ? ರಕ್ತ ಎಲ್ಲಾ ಕೆಂಪನ ಅಲ್ರಿ?”

“ಕೆಂಪು ಬ್ಯಾಡ ನಮಗ. ರೋಣದ ದವಾಖಾನ್ಯಾಗ ಮಷೀನಿಗೆ ಹಾಕಿ ಗರಗರ ತಿರುಗಿಸಿದ್ರ ಮ್ಯಾಲೆ ತಿಳಿ ನಿಲ್ತದ, ಅದನ್ನ ತಗೋತೀವಿ. ಪಡ್ಡಿನ ಹಂಚು ನೋಡೀರಲ್ಲ? ಅಂಥಾದ್ದ ಒಂದು ಪ್ಲಾಸ್ಟಿಕ್ ಪ್ಲೇಟು, ಆದ್ರ ಗುಳಿ ಸಣ್ಣವು, ಭಾಳ ಇರ್ತಾವ. ಗುಳಿ ತಳಕ್ಕ ಮೊದಲ ಒಂದು ಔಷಧ ಹಚ್ಚಿರ್ತಾರ. ಅದು ಈ ಪ್ರೋಟೀನ್ ಒಂದನ್ನ ಗಟ್ಟಿ ಹಿಡೀತದ. ಆಮ್ಯಾಲೆ ತೊಳೀತೀವಿ. ಮತ್ತ ಮತ್ತ ತೊಳೀತೀವಿ. ಉಳದಿದ್ದೆಲ್ಲಾ ಹೋಗ್ತದ, ಅದೊಂದು ಉಳೀತದ. ಕಡೀಕ ಬಣ್ಣ ಬರೋದು ಹಾಕಿದ್ರ, ಅದು ಎಷ್ಟದನೋ ಅಷ್ಟು ಹಳದಿ ಏರ್ತದ.”

“ನಂದು, ಹೀನಾಂದು?”

“ಮಗ್ಗಲಕ್ಕ ಮಗ್ಗಲ ಗುಳಿಯಾಗ.”

ಎಷ್ಟು ತೊಳೆದರೂ ಹೋಗದೆ ತಳದಲ್ಲಿ ಉಳಿಯುವುದು ಅಂದರೆ ಏನೆಂದು ಬಿಸ್ಮಿಲ್ಲಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ವರ್ಷ ಸಿಟ್ಟು, ಹಟ, ಮಾನ ಎಲ್ಲವೂ ಒಂದೊಂದಾಗಿ ತೊಳೆದುಹೋಗಿದ್ದವು. ತಂಗಿಯನ್ನು ನೋಡಬೇಕೆಂಬ ಆಸೆ ಒಂದೇ ಅಂಟಿಕೊಂಡು ಕೂತಿತ್ತು.

ಎರೆಹೊಲಗಳ ನಡುವಿನ ದಾರಿ, ಎರಡೂ ಕಡೆ ಎದೆಮಟ್ಟ ಬಿಳಿಜೋಳ. ಎಡಕ್ಕೆ ಹೊಳೆ ಬಂದದ್ದು ಗಾಳಿಯ ತಂಪಿನಿಂದ ತಿಳಿಯಿತು, ಆದರೆ ಕತ್ತು ಆ ಕಡೆ ಹೊರಳಬೇಕಲ್ಲ. “ತಮ್ಮಾ, ಗಾಡಿ ಸ್ವಲ್ಪ ಓರೆ ಮಾಡಪಾ. ನನಗ ಹೊಳಿ ನೋಡೂದೈತಿ,” ಅಂದಳು. ದ್ಯಾವಪ್ಪ ಒಳ್ಳೆಯವನು, ಜೀಪನ್ನೇ ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿದ. ಮಲಪ್ರಭೆ ಬಡಕಲಾಗಿ, ಸದ್ದಿಲ್ಲದೆ, ಬೆಳಗಿನ ಬಿಸಿಲಿಗೆ ಹೊಳೆಯುತ್ತ ಬಿದ್ದಿತ್ತು. ಗಂಟಲು ಒಣಗಿದ ಹೆಂಗಸು ಅದನ್ನು ಕಣ್ತುಂಬ ನೋಡಿದಳು.

ಮನೆ ಹಾಗೆಯೇ ಇತ್ತು. ಮಣ್ಣಿನ ಮಾಳಿಗೆ, ಅಂಗಳದ ಬೇವಿನ ಮರ, ಗಿಡ್ಡ ಬಾಗಿಲು. ಹೀನಾ ಹೊರಗೆ ಬಂದಳು. ಸೊರಗಿದ್ದಳು, ಕಿವಿಯ ಹತ್ತಿರ ಬೆಳ್ಳಿ ಕೂದಲು ಬಂದಿತ್ತು. ಅಕ್ಕನ ಮುಖ ನೋಡಲಿಲ್ಲ. ಕೈಯಲ್ಲಿ ತುಂಬಿದ ತಂಬಿಗೆ ಇತ್ತು. ಬಂದವರಿಗೆ ಮೊದಲು ನೀರು ಕೊಡುವುದು ಆ ಸೀಮೆಯ ರೀತಿ. ಹಗೆ ಇದ್ದವರು ಮಾತ್ರ ಒಲ್ಲೆನ್ನುತ್ತಾರೆ. ಹೀನಾ ಎರಡೂ ಕೈಯಿಂದ ತಂಬಿಗೆಯನ್ನು ಮುಂದೆ ಚಾಚಿದಳು.

ಈ ಗಳಿಗೆಯನ್ನು ಬಿಸ್ಮಿಲ್ಲಾ ಎಷ್ಟು ಸಲ ಮನಸ್ಸಿನಲ್ಲಿ ಕಂಡಿದ್ದಳೋ. ಪ್ರತಿ ಸಲವೂ ಗಟಗಟ ಕುಡಿದಿದ್ದಳು. ಈಗ ನಾಲಗೆ ಅಂಗುಳಿಗೆ ಅಂಟಿತ್ತು, ಆದರೂ ಬಾಯಿಂದ ಬಂದದ್ದು ಒಂದೇ ಶಬ್ದ.

“ಬ್ಯಾಡ.”

‘ರಕ್ತ ಕೊಡೂತನಾ ಬ್ಯಾಡ’ ಎಂಬುದು ಅವಳ ಮಾತು. ಒಣಗಿದ ಗಂಟಲು ಉಳಿದದ್ದನ್ನು ಹೊರಗೆ ಬಿಡುವಷ್ಟರಲ್ಲಿ ಹೀನಾಳ ಮುಖ ಕೆಂಪಾಗಿತ್ತು.

“ಇನ್ನೂ ನಮ್ಮ ಮನಿ ನೀರ ಬ್ಯಾಡೇನ ನಿನಗ? ನೀರ ಬ್ಯಾಡಾದ್ರ ರಕ್ತಕ್ಕ ಯಾಕ ಬಂದಿ?”

ತಂಬಿಗೆಯ ನೀರನ್ನು ಬೇವಿನ ಬುಡಕ್ಕೆ ಸುರಿದು ಹೀನಾ ಒಳಗೆ ಹೋಗಿಬಿಟ್ಟಳು. ಮುನಾವರ ಕೂರಲು ಹೊರಸು ಹಾಕುವುದೋ ಬೇಡವೋ ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತ. ರಮಾಬಾಯಿಗೆ ಈ ಮನೆಯ ಹಿಂದಿನ ಕತೆ ಒಂದೂ ಗೊತ್ತಿಲ್ಲ.

“ನೀರ ಯಾಕ ಒಲ್ಲೆ ಅಂದ್ರಿ?”

“ರಕ್ತ ಕೆಡತೈತಿ ಅಲ್ರಿ.”

“ಯಾರ ಹೇಳಿದ್ರಿ ನಿಮಗ? ನೀರ ಕುಡದ್ರ ಏನೂ ಆಗೂದಿಲ್ಲ. ಒಂದು ಗುಟುಕಿನಿಂದ ಈ ಅಳತಿ ಬದಲಾಗೂದಿಲ್ರಿ. ರಾತ್ರಿಯಿಂದ ಕುಡದೇ ಇಲ್ಲೇನು? ಅಯ್ಯ ದೇವರ!”

ಬುದ್ಧಿವಂತಿಕೆ ಜಾಸ್ತಿಯಾದರೆ ಹೀಗೆಯೇ, ಗಂಜಿಗೆ ಉಪ್ಪು ಹಾಕಲು ಹೋಗಿ ಒಲೆಗೇ ಸುರಿದ ಹಾಗೆ. ಬಿಸ್ಮಿಲ್ಲಾ ಬಾಗಿಲ ಕಡೆ ನಡೆದಳು. ಅವರಪ್ಪ ಮನೆ ಕಟ್ಟಿಸುವಾಗಲೇ, ಬಂದವರು ತಲೆಬಾಗಿ ಬರಲಿ ಎಂದು ಬಾಗಿಲನ್ನು ಗಿಡ್ಡ ಇಡಿಸಿದ್ದ. ಬಗ್ಗದೆ ಒಳಗೆ ಹೋಗಲು ಕೂಸುಗಳಿಗೆ ಮಾತ್ರ ಸಾಧ್ಯ. ಬಿಸ್ಮಿಲ್ಲಾ ಹೊಸ್ತಿಲೆದುರು ನೆಟ್ಟಗೆ ನಿಂತಳು. ಒಳಗಿನ ಕತ್ತಲೆಯಲ್ಲಿ ಕೂತಿದ್ದ ತಂಗಿಗೆ ಅವಳ ಎದೆಯಿಂದ ಕೆಳಗಿನ ಭಾಗ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

“ಬರೂದಿದ್ರ ಬಾ,” ಒಳಗಿಂದ ಮಾತು ಬಂತು. “ಬಾಗಲಾಗ ಪೊಲೀಸರಂಗ ನಿಂದರಬ್ಯಾಡ. ಈ ಮನಿಗೆ ತಲಿ ಬಗ್ಗಿಸಿದ್ರ ನಿನ್ನ ಮಾನ ಹೊಕ್ಕೈತೇನು?”

ಬಿಸ್ಮಿಲ್ಲಾ ಚೌಕಟ್ಟು ಹಿಡಿದು ಮಂಡಿ ಮಡಿಸಲು ನೋಡಿದಳು. ಮಂಡಿ ಒಂದಿಷ್ಟು ಮಣಿಯಿತು, ಬೆನ್ನು ಕೇಳಲಿಲ್ಲ. ಆಗಿದ್ದಾಗಲಿ ಎಂದು ಮುಂದೆ ನುಗ್ಗಿದಳು. ಹಣೆ ಮೇಲಿನ ಕಟ್ಟಿಗೆಗೆ ಧಡ್ ಎಂದು ಬಡಿಯಿತು.

“ಬಗ್ಗ ಅಕ್ಕಾ!” ಹೀನಾ ಎದ್ದು ಬಂದಳು.

“ಬಗ್ಗಾಕ ಬರೂದಿಲ್ಲ ಹೀನಾ.”

“ಅಂದ್ರ?”

“ಬರೂದಿಲ್ಲ. ಈ ಮೂರು ವರ್ಷದಾಗ ಬೆನ್ನ ಪೂರಾ ಬಿಗದೈತಿ. ನಮಾಜಿನ್ಯಾಗ ಸೈತ ಬಗ್ಗಾಕ ಆಗೂದಿಲ್ಲ, ಕುರ್ಚಿ ಮ್ಯಾಲೆ ಕುಂತ ಮಾಡತೀನಿ. ಕುತಿಗಿ ತಿರಗೂದಿಲ್ಲ, ಕೈ ಎತ್ತಾಕ ಬರೂದಿಲ್ಲ. ಸೊಕ್ಕಿಲ್ಲವಾ ನನಗ. ನೀರ ಒಲ್ಲೆ ಅಂದಿದ್ದೂ ರಕ್ತ ಕೆಡತೈತಂತ, ಹುಚ್ಚಿ ನಾನು.”

ಹೀನಾ ಬಾಗಿಲು ದಾಟಿ ಹೊರಗೆ ಬಂದು ಅಕ್ಕನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ತಬ್ಬಿಕೊಂಡಳು. ತಿರುಗಿ ತಬ್ಬಲು ಬಿಸ್ಮಿಲ್ಲಾಳ ಕೈ ಮೇಲೇಳಲಿಲ್ಲ. ಎರಡೂ ಕೈ ಇಳಿಬಿಟ್ಟುಕೊಂಡೇ ತಂಗಿಯ ತೋಳಲ್ಲಿ ನಿಂತು ಅತ್ತಳು.

“ಅಮ್ಮಾನ್ನ ಇಟಗೊಂಡು ಕಾಯಾಕ ಬರಾಂಗಿರಲಿಲ್ಲಂತ ನನಗ ಆವತ್ತ ಗೊತ್ತಿತ್ತು,” ಅಂದಳು. “ಸಿಟ್ಟ ಆವತ್ತ ಹೋಗಿತ್ತು. ನಾಚಿಕಿಗೆ ಬರಲಿಲ್ಲ.”

“ನಾನರ ಹೇಳಿ ಕಳಸಬೇಕಿತ್ತು. ನಿಂದೊಂದು ಹಟ, ನಂದೊಂದು ಹಟ. ಅಮ್ಮಾ ಇದ್ದಿದ್ರ ಇಬ್ಬರಿಗೂ ಕಟಗಿ ತಗೊಂಡು ಹಾಕತಿದ್ಲು.”

ರಮಾಬಾಯಿ ಕಣ್ಣು ಒರೆಸಿಕೊಂಡು, ಬಿಸಿಲು ಏರುತ್ತಿದೆ ಎಂದು ನೆನಪಿಸಿದಳು. ಇಬ್ಬರೂ ಒಂದೇ ಹೊರಸಿನ ಮೇಲೆ ಕೂತರು. ಬಿಸ್ಮಿಲ್ಲಾಳ ಮೊಣಕೈ ಪೂರ್ತಿ ನೆಟ್ಟಗಾಗದೆ ನರ ಸಿಗುವುದು ಕಷ್ಟವಾಯಿತು. ಹೀನಾ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತಿ ಹಿಡಿದಳು. ಆಮೇಲೆ ತನ್ನ ಕೈ ಕೊಟ್ಟಳು, ಸೂಜಿಯ ಕಡೆ ನೋಡಲೂ ಇಲ್ಲ. ಅಂಜುತ್ತಾಳೆ ಅಂದಿದ್ದಿರಲ್ಲ ಎಂದು ರಮಾಬಾಯಿ ಬಿಸ್ಮಿಲ್ಲಾಳ ಕಡೆ ಹುಬ್ಬು ಹಾರಿಸಿದಳು. ಎರಡು ನಳಿಗೆಗಳೂ ಬರ್ಫದಲ್ಲಿ ಕೂತವು.

“ಈಗರ ನೀರ ಕೊಡವಾ,” ಅಂದಳು ಬಿಸ್ಮಿಲ್ಲಾ.

ಹೀನಾ ಒಳಗಿಂದ ತುಂಬಿ ತಂದಳು. ಬಿಸ್ಮಿಲ್ಲಾಳಿಗೆ ತಲೆ ಹಿಂದಕ್ಕೆ ಬಾಗದ ಕಾರಣ ತಂಗಿಯೇ ತಂಬಿಗೆಯನ್ನು ತುಟಿಗೆ ಹಿಡಿದಳು. ಒಂದು ಗುಟುಕು. ಇನ್ನೊಂದು ಗುಟುಕು. ಬಿಸ್ಮಿಲ್ಲಾ ತಂಗಿಯ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಉಪ್ಪು, ನಾಲಗೆಯ ಮೇಲೆ ಸುಣ್ಣ ಸವರಿದಂಥ ಗಡಸು. ಸೂಡಿಯಲ್ಲಿ ದಿನಾ ಕುಡಿಯುವ ನೀರೇ ಇಲ್ಲಿ ತಾಯಿಯ ತಂಬಿಗೆಯಲ್ಲಿತ್ತು.

“ಇದು ಹೊಳಿ ನೀರಲ್ಲ.”

“ಹೊಳಿಗೆ ಈಗ ಯಾರ ಹೊಕ್ಕಾರ? ನೆರಿ ಬಂದಾಗ ದಂಡಿ ಕುಸದು ಇಳಿಯೋ ಪಾವಟಿಗಿ ಎಲ್ಲಾ ಹೋದವು. ಅವಾಗಿಂದ ಓಣ್ಯಾಗ ಬೋರ ಐತಿ.”

ರಮಾಬಾಯಿ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದವಳು ಹಾಗೇ ತಲೆ ಎತ್ತಿದಳು. “ಮುನಾವರ ಅವರ, ಫೋನಿನ್ಯಾಗ ನಾ ಕೇಳಿದ್ದೆನಲ್ರಿ, ನಿಮ್ಮ ಕಡೆ ಹೊಳಿ ಅದ ಏನಂತ?”

“ಹೊಳಿ ಐತಲ್ರಿ ಬಾಯಾರ,” ಮುನಾವರ ಕೈ ಮಾಡಿ ತೋರಿಸಿದ. “ಅಲ್ಲೇ ಕಾಣಸತೈತಿ.”

ಯಾರಿಗೂ ನಗು ಬರಲಿಲ್ಲ. ಬಿಸ್ಮಿಲ್ಲಾ ತಂಗಿಯ ಸೆರಗು ಗಟ್ಟಿಯಾಗಿ ಹಿಡಿದಿದ್ದಳು. ತಾನು ಸೂಡಿಯಲ್ಲಿ ಮರದ ಕೊರಡಾಗುತ್ತಿದ್ದಾಗ ಅವಳಿಗಿದ್ದ ಸಮಾಧಾನ ಒಂದೇ, ಹೀನಾ ಹೊಳೆಯ ದಂಡೆಯಲ್ಲಿದ್ದಾಳೆ, ಅವಳಿಗೆ ಏನೂ ಆಗುವುದಿಲ್ಲ ಎಂಬುದು. ಇಷ್ಟು ದಿನ ಯಾವುದಕ್ಕೂ ಅಂಜದ ಹೆಂಗಸಿಗೆ ಈಗ ಅಂಜಿಕೆ ಬಂತು.

“ಗದ್ದ ಎದಿಗೆ ಹಚ್ಚ.”

“ಏನ?”

“ಹಚ್ಚ ಅಂದ್ನೆಲ್ಲ. ಅಕ್ಕ ಹೇಳತೀನಿ, ಹಚ್ಚ.”

ಹೀನಾ ತಲೆ ತಗ್ಗಿಸಿದಳು. ಗದ್ದ ಎದೆಗೆ ಸರಾಗವಾಗಿ ಮುಟ್ಟಿತು. ಬಗ್ಗಿಸಿ ಕಾಲಬೆರಳು ಮುಟ್ಟಿಸಿದಳು, ಕೈ ಎತ್ತಿಸಿ ಹಿಂದಲೆಗೆ ಒಯ್ಯಿಸಿದಳು. ಎಲ್ಲ ಆಯಿತು. ಆಗ ಬಿಸ್ಮಿಲ್ಲಾ ಉಸಿರು ಬಿಟ್ಟಳು.

“ಎಲ್ಲಾ ಬೋರೂ ಕೆಟ್ಟಿರೂದಿಲ್ರಿ,” ರಮಾಬಾಯಿ ಬಾಟಲಿಯಲ್ಲಿ ಮನೆಯ ನೀರು ತುಂಬಿಸಿಕೊಳ್ಳುತ್ತ ಹೇಳಿದಳು. “ಫ್ಲೋರೈಡಿಗೆ ರುಚಿ ಇಲ್ಲ, ನಾಲಿಗೆ ನಂಬಬ್ಯಾಡ್ರಿ. ಇದನ್ನ ತಪಾಸ ಮಾಡಿ ಫೋನ ಮಾಡ್ತೀನಿ. ಆದ್ರ ಹೊಳಿ ನೀರಿನ ಜೋಡಿ ಅಂತ ನಿಮ್ಮನ್ನ ಇನ್ನ ಹಿಡೀಲಿಕ್ಕೆ ಬರೂದಿಲ್ಲ ನೋಡ್ರಿ.”

“ಮತ್ತ ಆಕಿ ರಕ್ತ ಚೆಲ್ಲತೀರೇನ್ರಿ?” ಬಿಸ್ಮಿಲ್ಲಾ ಕೇಳಿದಳು. “ಚೆಲ್ಲಬ್ಯಾಡ್ರಿ ಬಾಯಾರ. ನಿಮ್ಮ ಲೆಕ್ಕಕ್ಕ ಬರದಿದ್ರೂ ಅಳೀರಿ. ಆಕಿ ಕಾವಲು ಎಷ್ಟೈತಿ ಅಂತ ನನಗ ಹೇಳ್ರಿ. ನಂದು ಬ್ಯಾಡ, ಆಕೀದು.”

ಡಾಕ್ಟರರನ್ನು ಕೇಳಬೇಕಾಗುತ್ತದೆ ಎನ್ನಲು ಹೋಗಿ ರಮಾಬಾಯಿ ಬಿಟ್ಟಳು. “ಅಳೀತೀನಿ. ನಿಮ್ಮಿಬ್ಬರದೂ ಮಗ್ಗಲಕ್ಕ ಮಗ್ಗಲ ಇಡ್ತೀನಿ, ಆತಲ್ಲ?”

ಅಷ್ಟರಲ್ಲಿ ಹೀನಾ ತಾಮ್ರದ ಕೊಡ ಎತ್ತಿಕೊಂಡು ಹೊರಟಿದ್ದಳು. ಎಲ್ಲಿಗೆ ಎಂದು ಮುನಾವರ ಕೇಳಿದ. ಅಕ್ಕ ಮೂರು ವರ್ಷದ ಮೇಲೆ ಬಂದಾಳ, ಬೋರ ನೀರ ಕುಡಿಸಿ ಕಳಸಲೇನು ಎಂದು ಗದರಿದಳು. ದಂಡೆ ಕುಸಿದಿದೆ, ಸುತ್ತು ಹಾಕಿ ಇಳಿಯಬೇಕು, ತಡವಾಗುತ್ತದೆ ಎಂದು ಅವನು ಹೇಳುತ್ತಲೇ ಇದ್ದ, ಅವಳು ಹೋಗುತ್ತಲೇ ಇದ್ದಳು. ರಮಾಬಾಯಿ ಹಿಂದಿನಿಂದ ಕೂಗಿದಳು, “ಕಾಯಿಸಿ ಕುಡೀರಿ ಮತ್ತ!”

ದ್ಯಾವಪ್ಪ ಹಾರ್ನು ಹೊಡೆದ. ರಕ್ತ ಹೊತ್ತು ಮೀರುವುದರೊಳಗೆ ರೋಣದ ಮಷೀನು ಮುಟ್ಟಬೇಕು, ಬರ್ಫ ಆಗಲೇ ನೀರೊಡೆಯುತ್ತಿತ್ತು. ಇನ್ನು ಕಾಯುವ ಹಾಗಿಲ್ಲ ಎಂದು ರಮಾಬಾಯಿ ಪೆಟ್ಟಿಗೆ ಎತ್ತಿಕೊಂಡಳು. ಬಿಸ್ಮಿಲ್ಲಾ ಹೊರಸಿನಿಂದ ಏಳಲಿಲ್ಲ. ಹೊಳೆಯ ದಾರಿ ಅವಳ ಬೆನ್ನ ಹಿಂದಿತ್ತು, ತಿರುಗಿ ನೋಡಲು ಕುತ್ತಿಗೆ ಬರುತ್ತಿರಲಿಲ್ಲ. ಅವಳು ಮುನಾವರನನ್ನು ಕರೆದು, ತಾನು ಕೂತ ಹೊರಸನ್ನೇ ಹೊಳೆಯ ಕಡೆ ತಿರುಗಿಸಿಕೊಂಡಳು.

“ಬರ್ರಿ ಬಿಸ್ಮಿಲ್ಲಾ ಅವರ, ಹತ್ರಿ. ಸೂಡಿಗೆ ಮುಟ್ಟಸಬೇಕು ನಿಮ್ಮನ್ನ.”

“ನೀವ ಹೋಗ್ರಿ ಬಾಯಾರ,” ಅಂದಳು ಬಿಸ್ಮಿಲ್ಲಾ, ಕಣ್ಣು ದಾರಿಯಿಂದ ಕೀಳದೆ. “ನನ್ನ ತಂಗಿ ನೀರ ತರಾಕ ಹೋಗ್ಯಾಳ.”